ಗೋಡೆಯಾಚೆಯ ಬ್ಲೂಸ್

ಬ್ಲೂಸ್‌ನಲ್ಲಿ ಹೊಸ ಆಲ್ಬಮ್ ಬಂದಿದೆ ಎಂದರೆ ನನ್ನ ಪರಿಚಯದವರಲ್ಲಿ ಕೆಲವರು ನಗುತ್ತಾರೆ. ಅವರ ನಗುವಿಗೆ ಕಾರಣವಿಲ್ಲದಿಲ್ಲ. ಮೂರು ಸ್ವರಗುಚ್ಛಗಳು, ಹನ್ನೆರಡು ಅಳತೆಯ ಒಂದು ಆವರ್ತ, ಒಂದು ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವ ಒಂದು ಪದ್ಧತಿ. ಹೆಚ್ಚುಕಡಿಮೆ ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು ಅಮೆರಿಕದ ದಕ್ಷಿಣದ ಕಪ್ಪು ಜನ ನೂರು ವರ್ಷಕ್ಕೂ ಹೆಚ್ಚು ಕಾಲ ಹಾಡುತ್ತ ಬಂದಿದ್ದಾರೆ. ೧೯೨೦ರಲ್ಲಿ ಮ್ಯಾಮಿ ಸ್ಮಿತ್ ಎಂಬಾಕೆ ನ್ಯೂಯಾರ್ಕಿನಲ್ಲಿ ಹಾಡಿದ ಪ್ಲೇಟು ಲಕ್ಷಗಟ್ಟಲೆ ಮನೆಗಳನ್ನು ಮುಟ್ಟಿತು. ೧೯೩೬ ಮತ್ತು ೧೯೩೭ರಲ್ಲಿ ರಾಬರ್ಟ್ ಜಾನ್ಸನ್ ಟೆಕ್ಸಾಸಿನಲ್ಲಿ ೨೯ ಹಾಡುಗಳನ್ನು ಧ್ವನಿಮುದ್ರಿಸಿ ಮರುವರ್ಷವೇ ತೀರಿಕೊಂಡ. ಆಮೇಲಿನವರು ಮಾಡಿದ್ದೇನು, ಅದನ್ನೇ ಮತ್ತೆ ಮತ್ತೆ ಅರೆದದ್ದಲ್ಲವೇ ಎಂದು ಕೇಳುತ್ತಾರೆ.

ಈ ಪ್ರಶ್ನೆಯನ್ನು ನಮ್ಮ ಧಾರವಾಡದಲ್ಲಿ ಯಾರಾದರೂ ಕೇಳಿದರೆ ನನಗೆ ಸ್ವಲ್ಪ ಆಶ್ಚರ್ಯವೇ ಆಗುತ್ತದೆ. ಯಮನ್ ರಾಗವನ್ನು ಇನ್ನೊಬ್ಬ ಹಾಡಿದನೆಂದು ನಾವು ಯಾರೂ ಕುರ್ಚಿ ಬಿಟ್ಟು ಎದ್ದು ಹೋಗುವುದಿಲ್ಲ. ಯಾರು ಹಾಡಿದ, ಯಾರ ಹತ್ತಿರ ಕಲಿತ, ಈ ವಯಸ್ಸಿನಲ್ಲಿ ಅವನಿಗೆ ಅದು ಹೇಗೆ ಕಂಡಿತು ಎಂದು ಕೇಳುತ್ತೇವೆ. ಬ್ಲೂಸ್‌ಗೂ ನಾನು ಕೇಳುವುದು ಅದನ್ನೇ. ಹಾಡಿನಲ್ಲಿ ಹಾಡುವವನ ವಯಸ್ಸು ತಿಳಿಯಬೇಕು, ಅವನ ವಿಳಾಸ ತಿಳಿಯಬೇಕು. ಅವೆರಡೂ ತಿಳಿದರೆ ಆಲ್ಬಮ್ ಹೊಸದು. ತಿಳಿಯದಿದ್ದರೆ ನಿನ್ನೆ ಸಂಜೆ ಬಂದದ್ದಾದರೂ ಅದು ಹಳೆಯದೇ.

ಅಭಿಪ್ರಾಯಗಳಿಗೆ ಹೋಗುವ ಮುಂಚೆ ನನ್ನ ಕಿವಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಏಕೆಂದರೆ ಮುಂದೆ ಬರುವುದೆಲ್ಲ ಅದರ ಅಭಿಪ್ರಾಯವೇ. ನಾನು ಮೂವತ್ತಮೂರು ವರ್ಷ ಒಂದು ಕಾರ್ಖಾನೆಯಲ್ಲಿ ಲೇತು, ಗ್ರೈಂಡರು, ಪ್ರೆಸ್ಸುಗಳ ನಡುವೆ ದುಡಿದವನು. ನಿವೃತ್ತನಾಗಿ ಏಳು ವರ್ಷವಾಯಿತು. ಕಳೆದ ವರ್ಷ ಕಿವಿಯ ಡಾಕ್ಟರು ನನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಕೂಡಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಒಂದು ಗುಂಡಿ ಒತ್ತಲು ಹೇಳಿದರು. ಕೋಣೆ ಎಷ್ಟು ಶಾಂತವಾಗಿದೆ ಎಂದು ಮೆಚ್ಚಿಕೊಳ್ಳುತ್ತ ನಾನು ಬಹಳ ಹೊತ್ತು ಏನೂ ಒತ್ತದೆ ಕುಳಿತಿದ್ದೆ. ಹೊರಗೆ ಬಂದ ಮೇಲೆ ಅವರು ತೋರಿಸಿದ ನಕ್ಷೆಯಲ್ಲಿ, ಸೆಕೆಂಡಿಗೆ ೪೦೦೦ ಕಂಪನಗಳ ಹತ್ತಿರ ಗೆರೆ ಬಾವಿಗೆ ಇಳಿದಂತೆ ಇಳಿದಿತ್ತು. ಯಂತ್ರಗಳ ನಡುವೆ ದುಡಿದವರ ಕಿವಿಯಲ್ಲಿ ಮೊದಲು ತಗ್ಗು ಬೀಳುವುದು ಸಾಮಾನ್ಯವಾಗಿ ಅಲ್ಲಿಯೇ.

ಪಿಯಾನೋದ ಬಲತುದಿಯ ಕೊನೆಯ ಮನೆಯ ಸ್ವರ ೪೧೮೬ ಕಂಪನಗಳದ್ದು. ಗಿಟಾರಿನ ಸ್ವರಗಳೂ ಮನುಷ್ಯನ ಹಾಡುವ ಸ್ವರಗಳೂ ಅದಕ್ಕಿಂತ ಎಷ್ಟೋ ಕೆಳಗಿನವು. ಹಾಗಾಗಿ ಹಾಡು ನನಗೆ ಸಿಗುತ್ತದೆ. ಸಿಗದೆ ಹೋಗುವುದು ಅದರ ಅಂಚು: ತಂತಿಗೆ ಉಗುರು ತಗಲಿದ ಸದ್ದು, ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆಯ ಝಣತ್ಕಾರ, ಮಾತಿನಲ್ಲಿ ಸಕಾರ ಶಕಾರಗಳು. ಅಡಿಗೆಮನೆಯಿಂದ ‘ಶುಂಠಿ’ ಎಂದರೆ ನನ್ನನ್ನು ಬಂದು ಮುಟ್ಟುವುದು ‘ಉಂಡಿ’. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಿ ಎಂದರು ಡಾಕ್ಟರು. ಹೆಡ್‌ಫೋನ್ ಬಂದ್. ಸದ್ದು ಮಿತವಾಗಿ, ದಿನಕ್ಕೆ ಒಂದು ತಾಸು. ಅಂದಿನಿಂದ ನನಗೆ ರೇಶನ್ ಕಾರ್ಡಿನ ಸಂಗೀತ. ಆ ಒಂದು ತಾಸನ್ನು ಯಾರಿಗೆ ಕೊಡಬೇಕು ಎಂಬುದು ಈಗ ನನ್ನ ಮಟ್ಟಿಗೆ ಬರಿಯ ಹವ್ಯಾಸದ ಪ್ರಶ್ನೆಯಾಗಿ ಉಳಿದಿಲ್ಲ.

ಆಲ್ಬಮ್‌ಗಳನ್ನು ತಂದುಕೊಡುವವನು ನನ್ನ ತಮ್ಮನ ಮಗ. ಹುಬ್ಬಳ್ಳಿಯಲ್ಲಿ ನೌಕರಿ, ಕೈಗೆ ಗಿಟಾರಿನ ಚಟ. “ದೊಡ್ಡಪ್ಪಾ, ಈ ಹುಡುಗನ್ನ ಕೇಳ್ರಿ, ಭಾರೀ ಅದಾನ” ಎಂದು ಅವನು ಮೊದಲು ಕೊಟ್ಟ ಪೆನ್ ಡ್ರೈವಿನಲ್ಲಿದ್ದವನು ಕ್ರಿಸ್ಟೋನ್ ಇಂಗ್ರಾಮ್. ಎಲ್ಲರೂ ಕರೆಯುವುದು ‘ಕಿಂಗ್‌ಫಿಶ್’ ಎಂದು. ಹುಟ್ಟಿದ್ದು ೧೯೯೯ರಲ್ಲಿ, ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಲ್ಲಿ. ೧೯೧೮ರಲ್ಲಿ ಕಟ್ಟಿದ, ಹಿಂದೆ ರೈಲಿನ ಸರಕು ಇಳಿಸುತ್ತಿದ್ದ ಗೋದಾಮಿನಲ್ಲಿ ಆ ಊರಿನ ಬ್ಲೂಸ್ ಮ್ಯೂಸಿಯಮ್ ಇದೆ. ಮಡ್ಡಿ ವಾಟರ್ಸ್ ವಾಸವಾಗಿದ್ದ ಮರದ ಗುಡಿಸಲನ್ನು ಹೊಲದಿಂದ ತಂದು ಅದರೊಳಗೆ ನಿಲ್ಲಿಸಿದ್ದಾರೆ. ಆ ಮ್ಯೂಸಿಯಮ್ಮಿನವರು ಮಕ್ಕಳಿಗೆ ಬ್ಲೂಸ್ ಕಲಿಸುತ್ತಾರೆ. ಈ ಹುಡುಗ ಅಲ್ಲಿ ಕಲಿತವನು. ೨೦೧೯ರಲ್ಲಿ, ಇಪ್ಪತ್ತು ವರ್ಷದವನಿದ್ದಾಗ, ತನ್ನ ಅಡ್ಡಹೆಸರನ್ನೇ ಇಟ್ಟ ಮೊದಲ ಆಲ್ಬಮ್ ತಂದ. ೨೦೨೧ರಲ್ಲಿ ಎರಡನೆಯದು. ಅದರ ಹೆಸರು ‘೬೬೨’.

ಆ ಸಂಖ್ಯೆ ಮಿಸಿಸಿಪ್ಪಿಯ ಉತ್ತರ ಭಾಗದ ಟೆಲಿಫೋನ್ ಕೋಡ್. ನಮ್ಮಲ್ಲಿ ಯಾರಾದರೂ ತನ್ನ ಹಾಡುಗಳ ಸಂಗ್ರಹಕ್ಕೆ ‘೦೮೩೬’ ಎಂದು ಹೆಸರಿಟ್ಟರೆ ಹುಬ್ಬಳ್ಳಿ-ಧಾರವಾಡದ ಮಂದಿಗೆ ಹೇಗೆ ಅನಿಸೀತೋ ಹಾಗೆ. ಎಸ್‌ಟಿಡಿ ಬೂತುಗಳಲ್ಲಿ ಸಾಲು ಹಚ್ಚಿ ನಿಂತವರಿಗೆ ಆ ಸಂಖ್ಯೆಯಲ್ಲಿ ಊರಿನ ವಾಸನೆಯೇ ಬರುತ್ತದೆ. ವಿಳಾಸ ಎಂದು ನಾನು ಹೇಳಿದ್ದು ಇದನ್ನೇ. ಆಲ್ಬಮ್ಮಿಗೆ ಅದೇ ವರ್ಗದ ಗ್ರ್ಯಾಮಿ ಪ್ರಶಸ್ತಿಯೂ ೨೦೨೨ರಲ್ಲಿ ಬಂತು.

ಇಷ್ಟಾದರೂ ನನ್ನ ಪೂರ್ತಿ ಒಪ್ಪಿಗೆ ಅದಕ್ಕಿಲ್ಲ. ಹುಡುಗನ ಕೈ ಬಹಳ ಚುರುಕು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ತಯಾರಿ ಜಬರ್‌ದಸ್ತ್. ಆದರೆ ತಾನಿನ ಮೇಲೆ ತಾನು ಬಿಟ್ಟು, ಕೇಳುವವನು ಉಸಿರಾಡುವುದಕ್ಕೂ ಜಾಗವಿರದಂತೆ ಮಾಡುವ ಹರೆಯದ ಗಾಯಕರನ್ನು ನಾವು ಕೇಳಿಲ್ಲವೇ? ಅದೇ ಸಡಗರ ಇಲ್ಲಿಯೂ ಇದೆ. ನನಗೆ ಹಿಡಿಸಿದ್ದು ಅವನು ವೇಗ ಇಳಿಸಿದ ಕಡೆಗಳು. ಮೊದಲ ಆಲ್ಬಮ್ಮಿನಲ್ಲಿ ‘ಬೀನ್ ಹಿಯರ್ ಬಿಫೋರ್’ ಎಂಬ, ವಿದ್ಯುತ್ತಿನ ಹಂಗಿಲ್ಲದ ಗಿಟಾರಿನ ಹಾಡೊಂದಿದೆ. ಈ ಹುಡುಗ ಹಿಂದೊಮ್ಮೆ ಇಲ್ಲಿ ಬಂದು ಹೋದವನೇ ಎಂದು ಅಜ್ಜಿ ಹೇಳುತ್ತಿದ್ದುದು ಅದರ ವಿಷಯ. ಎರಡನೆಯದರ ಕೊನೆಯಲ್ಲಿ, ೨೦೧೯ರ ಡಿಸೆಂಬರಿನಲ್ಲಿ ತೀರಿಕೊಂಡ ತಾಯಿಯ ನೆನಪಿನ ಹಾಡಿದೆ. ಮಗನನ್ನು ಸಂಗೀತಕ್ಕೆ ಬಿಟ್ಟುಕೊಟ್ಟ ತಾಯಿ, ಮಗ ಹೆಸರು ಮಾಡಿದ ವರ್ಷವೇ ಹೋದಳು. ಆ ಹಾಡಿನಲ್ಲಿ ಕೈಚಳಕ ತೋರಿಸಬೇಕೆಂಬ ಹಟ ಅವನಿಗಿಲ್ಲ. ಇಪ್ಪತ್ತೆರಡು ವರ್ಷದ ಒಬ್ಬ ಮನುಷ್ಯ ಇದ್ದಾನೆ, ಅಷ್ಟೆ. ಅಂಥ ಹಾಡನ್ನು ಆಲ್ಬಮ್ಮಿನ ನಡುವಿನಲ್ಲಿ ಕೂಡಿಸದೆ ಬಾಲಂಗೋಚಿಯಂತೆ ಕೊನೆಗೆ ಹಚ್ಚಿದ್ದು ನನಗೆ ಸರಿಯೆನಿಸಲಿಲ್ಲ.

ಇದಕ್ಕೆ ನೇರ ಎದುರಿಗೆ ನಾನು ಇಡುವುದು ಬಾಬಿ ರಶ್‌ನ ‘ರಾಅರ್ ದ್ಯಾನ್ ರಾ’. ೨೦೨೦ರಲ್ಲಿ ಬಂದದ್ದು. ರಶ್ ಹುಟ್ಟಿದ್ದು ೧೯೩೩ರಲ್ಲಿ, ಲೂಸಿಯಾನಾದಲ್ಲಿ. ಬಹುಕಾಲದಿಂದ ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ನೆಲೆಸಿದವನು. ಜನ್ಮವಿಡೀ ಕಪ್ಪು ಜನರ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ, ಹುಡುಗಿಯರನ್ನು ಕುಣಿಸಿ, ಪೋಲಿ ಮಾತಾಡಿ, ಜನರನ್ನು ನಗಿಸಿ ಹೊಟ್ಟೆ ಹೊರೆದ ಮನುಷ್ಯ. ಮೊದಲ ಗ್ರ್ಯಾಮಿ ಕೈಗೆ ಬಂದಾಗ ೮೩ ವರ್ಷ. ೮೬ನೆಯ ವರ್ಷದಲ್ಲಿ ಈ ಆಲ್ಬಮ್ ಮಾಡಿದ. ಅದಕ್ಕೆ ೨೦೨೧ರಲ್ಲಿ ಎರಡನೆಯ ಗ್ರ್ಯಾಮಿ. ಇದರಲ್ಲಿ ವಾದ್ಯವೃಂದವೇ ಇಲ್ಲ. ಅವನ ದನಿ, ಅವನ ಗಿಟಾರು, ಅವನ ಮೌತ್ ಆರ್ಗನ್, ನೆಲಕ್ಕೆ ಬಡಿಯುವ ಅವನ ಕಾಲು. ಕೆಲವು ಹಾಡು ಸ್ವಂತದವು, ಕೆಲವು ಹೌಲಿಂಗ್ ವುಲ್ಫ್, ಮಡ್ಡಿ ವಾಟರ್ಸ್, ಸ್ಕಿಪ್ ಜೇಮ್ಸ್ ಮೊದಲಾದ ಹಿರಿಯರವು.

ಹಿರಿಯರ ಹಾಡುಗಳನ್ನು ಹಾಡುವಾಗ ಎಲ್ಲರೂ ಒಂದು ಭಯಭಕ್ತಿಯ ಮುಖ ಮಾಡುತ್ತಾರೆ. ರಶ್ ಮಾಡುವುದಿಲ್ಲ. ಅವರು ಅವನಿಗೆ ಫೋಟೋದೊಳಗಿನ ದೇವರುಗಳಲ್ಲ, ಕಂಡು ಮಾತಾಡಿಸಿ ಗೊತ್ತಿದ್ದ ಕಾಲದವರು. ಅವರ ಹಾಡು ಎತ್ತಿಕೊಂಡಾಗ ಕಟ್ಟೆಯ ಮೇಲೆ ಕುಳಿತು ತೀರಿಹೋದ ಗೆಳೆಯನ ಮಾತನ್ನು ಅಣಕಿಸಿ ತೋರಿಸಿದ ಹಾಗೆ ಇರುತ್ತದೆ. ಅದರಲ್ಲಿ ಪ್ರೀತಿಯೂ ಇದೆ, ತಾನಿನ್ನೂ ಇದ್ದೇನೆ ಎಂಬ ಜಂಬವೂ ಇದೆ. ಮುಪ್ಪಿನಲ್ಲಿ ದನಿ ಸ್ವಲ್ಪ ಹರಿದಿದೆ. ಹರಿದದ್ದನ್ನು ಹೊಲಿಯಲು ಯಾರೂ ಹೋಗಿಲ್ಲ. ಗಂಗೂಬಾಯಿಯವರ, ಮನಸೂರರ ಇಳಿವಯಸ್ಸಿನ ದನಿಗಳನ್ನು ಕೇಳಿ ಬೆಳೆದ ನಮ್ಮ ಊರವರಿಗೆ ಇದರ ರುಚಿಯನ್ನು ವಿವರಿಸಬೇಕಾಗಿಲ್ಲ. ಅವರ ಎಳವೆಯ ಪ್ಲೇಟುಗಳನ್ನು ಮೆಚ್ಚಿ ತಲೆದೂಗಿದವರೂ ಕೊನೆಯ ಕಾಲದ ಬೈಠಕ್ಕುಗಳ ಮಾತು ಬಂದಾಗ ಮಾತ್ರ ಸುಮ್ಮನಾಗುತ್ತಿದ್ದರು.

ಬಡ್ಡಿ ಗೈ ಎಂಬ ಹೆಸರನ್ನು ಬ್ಲೂಸ್ ಕೇಳದವರೂ ಕೇಳಿರಬಹುದು. ಲೂಸಿಯಾನಾದ ಲೆಟ್ಸ್‌ವರ್ತ್ ಎಂಬಲ್ಲಿ ೧೯೩೬ರಲ್ಲಿ ಹುಟ್ಟಿ, ೧೯೫೭ರಲ್ಲಿ ಶಿಕಾಗೋಕ್ಕೆ ಬಂದು, ಮಡ್ಡಿ ವಾಟರ್ಸ್‌ನ ಮಗ್ಗುಲಿಗೆ ನಿಂತು ನುಡಿಸಿದವನು. ೨೦೧೧ರಲ್ಲಿ ಮುಂಬಯಿಯ ಬ್ಲೂಸ್ ಉತ್ಸವ ಮೊದಲ ಸಲ ನಡೆದಾಗ ಬಂದು ನುಡಿಸಿ ಹೋದ. ೨೦೨೨ರಲ್ಲಿ, ಶಿಕಾಗೋಕ್ಕೆ ಬಂದು ೬೫ ವರ್ಷವಾದಾಗ, ‘ದಿ ಬ್ಲೂಸ್ ಡೋಂಟ್ ಲೈ’ ಎಂಬ ಆಲ್ಬಮ್ ತಂದ. ಹದಿನಾರು ಹಾಡುಗಳು. ಅತಿಥಿಗಳ ಪಟ್ಟಿ ಮದುವೆಯ ಕರೆಯೋಲೆಯ ಹಾಗಿದೆ: ಮೇವಿಸ್ ಸ್ಟೇಪಲ್ಸ್, ಎಲ್ವಿಸ್ ಕಾಸ್ಟೆಲೊ, ಜೇಮ್ಸ್ ಟೇಲರ್, ಜೇಸನ್ ಇಸ್ಬೆಲ್, ಬಾಬಿ ರಶ್, ಇನ್ನೂ ಕೆಲವರು. ಆಲ್ಬಮ್ ಕಟ್ಟಿದ ಟಾಮ್ ಹ್ಯಾಂಬ್ರಿಜ್ ಒಳ್ಳೆಯ ಡ್ರಮ್ಮರ್. ಕಿಂಗ್‌ಫಿಶ್‌ನ ಆ ಎರಡು ಆಲ್ಬಮ್‌ಗಳನ್ನು ಕಟ್ಟಿದವನೂ ಇವನೇ. ಇಪ್ಪತ್ತರ ಹುಡುಗನಿಗೂ ಎಂಬತ್ತಾರರ ಮುದುಕನಿಗೂ ಒಬ್ಬನೇ ದರ್ಜಿ ಅಂಗಿ ಹೊಲಿದಾಗ ಕಾಲರು ಒಂದೇ ತರಹ ಕಾಣುವುದು ಸಹಜ. ಸ್ವಲ್ಪ ಹಾಗೆ ಕಾಣುತ್ತದೆ ಕೂಡ.

ಅತಿಥಿಗಳೆಲ್ಲ ಬೇಡವಾಗಿತ್ತು ಎಂದು ನಾನು ಹೇಳಲಾರೆ. ಮೇವಿಸ್ ಸ್ಟೇಪಲ್ಸ್ ಹುಟ್ಟಿದ್ದು ೧೯೩೯ರಲ್ಲಿ. ನಾಗರಿಕ ಹಕ್ಕುಗಳ ಹೋರಾಟದ ದಿನಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರ ಸಭೆಗಳಲ್ಲಿ ತಂದೆಯ ಜೊತೆ, ಒಡಹುಟ್ಟಿದವರ ಜೊತೆ ಹಾಡಿದವಳು. ಅವಳೂ ಗೈಯೂ ಕೂಡಿ ಹಳೆಯ ದಿನಗಳನ್ನು ನೆನೆಯುವ ಹಾಡಿಗೆ ಇಬ್ಬರ ವಯಸ್ಸೂ ಬೇಕು. ಬೇರೆ ಯಾರು ಹಾಡಿದರೂ ಅದು ನಾಟಕವಾಗುತ್ತಿತ್ತು. ಬಂದೂಕಿನ ಹಾವಳಿಯ ಬಗ್ಗೆ ಇಸ್ಬೆಲ್ ಜೊತೆ ಹಾಡಿದ್ದೂ ಎದೆಗೆ ತಾಗುತ್ತದೆ. ಉಳಿದ ಅತಿಥಿಗಳು ಬಂದು, ಉಂಡು, ಹೋಗುತ್ತಾರೆ. ನನಗೆ ಬೇಕಾದದ್ದು ಎಲ್ಲರೂ ಹೋದ ಮೇಲೆ ಸಿಗುತ್ತದೆ. ಕೊನೆಯ ಹಾಡು ‘ಕಿಂಗ್ ಬೀ’. ಸ್ಲಿಮ್ ಹಾರ್ಪೊನ ಹಳೆಯ ಹಾಡು. ಚಪ್ಪರದ ಗದ್ದಲವೆಲ್ಲ ಅಡಗಿ, ಜಮಖಾನೆ ಸುತ್ತಿಟ್ಟ ಮೇಲೆ ಮನೆಯ ಹಿರಿಯ ತನ್ನಷ್ಟಕ್ಕೆ ಗುನುಗಿದಂತೆ ಇದೆ. ಹದಿನೈದು ಹಾಡು ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ನನ್ನ ತಾಸು ಮುಗಿಯುವ ಹೊತ್ತಾಗಿರುತ್ತದೆ. ಆದ್ದರಿಂದ ನಾನೀಗ ಈ ಆಲ್ಬಮ್ಮನ್ನು ಹಿಂದಿನಿಂದ ಮುಂದಕ್ಕೆ ಕೇಳುತ್ತೇನೆ.

೨೦೨೫ರ ಜುಲೈ ೩೦ರಂದು, ತನ್ನ ೮೯ನೆಯ ಹುಟ್ಟುಹಬ್ಬದ ದಿನ, ಗೈ ಇನ್ನೊಂದು ಆಲ್ಬಮ್ ತಂದ. ಬ್ಲೂಸ್‌ನೊಡನೆ ನನ್ನ ಲೆಕ್ಕ ಇನ್ನೂ ಮುಗಿದಿಲ್ಲ ಎಂಬ ಅರ್ಥದ ಹೆಸರು. ಅದರಲ್ಲಿ ಕಿಂಗ್‌ಫಿಶ್ ಕೂಡ ಬಂದು ನುಡಿಸಿದ್ದಾನೆ. ಅದರಲ್ಲಿಯೂ ಅತಿಥಿಗಳಿದ್ದಾರೆ. ಈ ವಯಸ್ಸಿಗೆ ಬಂದವನ ಮನೆಯಲ್ಲಿ ಜನ ತುಂಬಿರುವುದನ್ನು ನಾನೇಕೆ ಆಕ್ಷೇಪಿಸಲಿ?

ಪಾಲಿಶಿನ ವಿಷಯ ಬಂದಾಗ ಡ್ಯಾನ್ ಆವರ್‌ಬಾಕ್ ಎಂಬವನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ‘ದಿ ಬ್ಲ್ಯಾಕ್ ಕೀಸ್’ ಎಂಬ ಜೋಡಿಯಲ್ಲಿ ಒಬ್ಬ, ಬಿಳಿಯ, ನ್ಯಾಶ್‌ವಿಲ್‌ನಲ್ಲಿ ಸ್ವಂತ ಸ್ಟುಡಿಯೋ ಇಟ್ಟುಕೊಂಡವನು. ೨೦೨೧ರಲ್ಲಿ ಆ ಜೋಡಿ ‘ಡೆಲ್ಟಾ ಕ್ರೀಮ್’ ಎಂಬ ಆಲ್ಬಮ್ ತಂದಿತು. ಮಿಸಿಸಿಪ್ಪಿಯ ಉತ್ತರದ ಗುಡ್ಡಗಾಡಿನ ಹನ್ನೊಂದು ಹಾಡುಗಳು, ಹೆಚ್ಚಿನವು ಜೂನಿಯರ್ ಕಿಂಬ್ರೊ ಮತ್ತು ಆರ್. ಎಲ್. ಬರ್ನ್‌ಸೈಡ್ ಎಂಬ ಇಬ್ಬರು ಹಿರಿಯರ ಹಾದಿಯವು. ಆ ಹಿರಿಯರ ಜೊತೆ ವರ್ಷಗಟ್ಟಲೆ ನುಡಿಸಿದ್ದ ವಾದಕರನ್ನು ಕರೆಸಿ, ಎರಡು ಮಧ್ಯಾಹ್ನಗಳಲ್ಲಿ ಮುಗಿಸಿದರು. ಗುಡ್ಡದ ಬ್ಲೂಸ್‌ಗೆ ಮೂರು ಸ್ವರಗುಚ್ಛಗಳೂ ಬೇಕಾಗಿಲ್ಲ. ಎಷ್ಟೋ ಸಲ ಒಂದರಲ್ಲಿಯೇ ನಿಂತು, ಎತ್ತು ಗಾಣ ಸುತ್ತಿದಂತೆ ಸುತ್ತುತ್ತದೆ. ಕೇಳುತ್ತ ಕೇಳುತ್ತ ತಲೆ ತಾನೇ ಆಡತೊಡಗುತ್ತದೆ. ‘ಡೆಲ್ಟಾ ಕ್ರೀಮ್’ ಆ ಸುತ್ತನ್ನು ಚೆನ್ನಾಗಿ ಹಿಡಿದಿದೆ. ಆದರೆ ಹಾಡಿದವನ ವಿಳಾಸ ಕೇಳಿದರೆ ಬೇರೆಯವರ ಮನೆಯ ನಂಬರು ಹೇಳುತ್ತದೆ. ಒಳ್ಳೆಯ ಶಿಷ್ಯರ ಆಲ್ಬಮ್, ಇದಕ್ಕಿಂತ ಹೆಚ್ಚಿನ ಹೊಗಳಿಕೆ ಅದಕ್ಕೆ ಸಲ್ಲದು.

ಅದೇ ವರ್ಷ, ಅದೇ ಗುಡ್ಡದಿಂದ ಸೆಡ್ರಿಕ್ ಬರ್ನ್‌ಸೈಡ್‌ನ ‘ಐ ಬಿ ಟ್ರೈಯಿಂಗ್’ ಬಂತು. ಅವನು ಆರ್. ಎಲ್. ಬರ್ನ್‌ಸೈಡ್‌ನ ಮೊಮ್ಮಗ. ಹದಿಮೂರನೆಯ ವಯಸ್ಸಿಗೇ ಅಜ್ಜನ ಹಿಂದೆ ಡ್ರಮ್ಸ್‌ಗೆ ಕುಳಿತವನು. ಅಜ್ಜ ೨೦೦೫ರಲ್ಲಿ ತೀರಿದ. ಎಷ್ಟೋ ವರ್ಷ ಡ್ರಮ್ಮಿನಲ್ಲಿ ಹೆಸರು ಮಾಡಿ, ಆಮೇಲೆ ಗಿಟಾರಿಗೆ ಬಂದ. ಅಜ್ಜನ ಹಾಡುಗಳನ್ನೇ ಮಾರಿಕೊಂಡು ಆರಾಮವಾಗಿ ಬದುಕಬಹುದಿತ್ತು. ಈ ಆಲ್ಬಮ್ಮಿನಲ್ಲಿ ಅವನು ಹಾಡುವುದು ನಡುವಯಸ್ಸಿನ ಗಂಡಸೊಬ್ಬ ಸಿಟ್ಟು ಬಿಟ್ಟು, ಸರಿಯಾಗಿ ನಡೆಯಲು ಹೆಣಗುತ್ತಿರುವುದನ್ನು. ಹೆಸರಿನ ಅರ್ಥವೂ ಅದೇ: ಪ್ರಯತ್ನ ಮಾಡುತ್ತಲೇ ಇದ್ದೇನೆ. ಆ ಹಾಡಿನ ಹಿನ್ನೆಲೆಯಲ್ಲಿ ಅವನ ಮಗಳೂ ಹಾಡಿದ್ದಾಳೆ. ಡ್ರಮ್ ಬಾರಿಸುವವನ ಗಿಟಾರಿನಲ್ಲಿ ಒಂದು ಗುಣವಿದೆ. ಅವನು ಎಲ್ಲಿ ನುಡಿಸಬಾರದು ಎಂಬುದನ್ನು ಬಲ್ಲ. ಅದಕ್ಕೂ ೨೦೨೨ರಲ್ಲಿ ಗ್ರ್ಯಾಮಿ ಬಂತು. ಮೊಮ್ಮಗನ ಆಲ್ಬಮ್ಮಿನಲ್ಲಿ ಅಜ್ಜ ಇದ್ದಾನೆ, ಆದರೆ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಆಗಿ ಅಲ್ಲ, ಮೂಗು ಗದ್ದದ ಹೋಲಿಕೆಯಾಗಿ.

ಆವರ್‌ಬಾಕ್‌ನ ಮೇಲೆ ನಾನು ಪೂರ್ತಿ ಮುನಿದುಕೊಳ್ಳದಿರುವುದಕ್ಕೆ ಕಾರಣ ರಾಬರ್ಟ್ ಫಿನ್ಲೆ. ಲೂಸಿಯಾನಾದ ಬರ್ನಿಸ್ ಎಂಬ ಊರಿನವನು. ಬಾಲ್ಯದಲ್ಲಿ ಪಾಲಿನ ಹೊಲದಲ್ಲಿ ಹತ್ತಿ ಬಿಡಿಸಿದ, ಸೈನ್ಯಕ್ಕೆ ಹೋಗಿಬಂದ, ಆಮೇಲೆ ಜೀವನವಿಡೀ ಬಡಿಗತನ ಮಾಡಿದ. ವಯಸ್ಸಾದಂತೆ ಕಣ್ಣು ಹೋಗಿ, ಕಾನೂನಿನ ಪ್ರಕಾರ ಕುರುಡನೆನಿಸಿಕೊಂಡು, ಉಳಿ-ಸುತ್ತಿಗೆಗಳನ್ನು ಕೆಳಗಿಡಬೇಕಾಯಿತು. ೨೦೧೫ರಲ್ಲಿ ಅರ್ಕನ್ಸಾದ ಹೆಲಿನಾ ಊರಿನ ಬೀದಿಯಲ್ಲಿ ಹಾಡುತ್ತಿದ್ದಾಗ, ಬಡ ಹಳೆಯ ಸಂಗೀತಗಾರರಿಗೆ ನೆರವಾಗುವ ಒಂದು ಸಂಸ್ಥೆಯವರ ಕಣ್ಣಿಗೆ ಬಿದ್ದ. ಮೊದಲ ಆಲ್ಬಮ್ ಬಂದದ್ದು ೨೦೧೬ರಲ್ಲಿ, ಅರವತ್ತು ದಾಟಿದ ಮೇಲೆ. ಆವರ್‌ಬಾಕ್ ಕಟ್ಟಿಕೊಟ್ಟ ‘ಶೇರ್‌ಕ್ರಾಪರ್ಸ್ ಸನ್’ ೨೦೨೧ರಲ್ಲಿ, ‘ಬ್ಲ್ಯಾಕ್ ಬಾಯೂ’ ೨೦೨೩ರಲ್ಲಿ ಬಂದವು.

ಒಬ್ಬ ಕೆಲಸಗಾರನಿಗೆ ಇನ್ನೊಬ್ಬ ಕೆಲಸಗಾರನ ಮೇಲೆ ಇರುವ ಪಕ್ಷಪಾತ ನನಗೆ ಇವನ ಮೇಲಿದೆ. ಬಡಿಗನ ಕಣ್ಣು ಹೋಗುವುದು ಎಂದರೇನು ಎಂಬುದು, ಅಳತೆಪಟ್ಟಿ ಹಿಡಿದು ದುಡಿದವರಿಗೆ ಹೆಚ್ಚು ತಿಳಿಯುತ್ತದೆ. ಆದರೂ ಅವನು ಕಣ್ಣಿನ ದುಃಖವನ್ನು ಮಾರಾಟಕ್ಕೆ ಇಟ್ಟಿಲ್ಲ. ಹತ್ತಿಯ ಹೊಲ, ಹಳ್ಳಿಯ ತಂಟೆತಕರಾರು, ಹೆಂಗಸರ ಮೇಲಿನ ಆಸೆ, ಎಲ್ಲವನ್ನೂ ಹಸಿವಿನಿಂದ ಹಾಡುತ್ತಾನೆ. ‘ಬ್ಲ್ಯಾಕ್ ಬಾಯೂ’ದಲ್ಲಿ ವೃದ್ಧಾಶ್ರಮದಲ್ಲಿ ಮಕ್ಕಳು ಮರೆತುಬಿಟ್ಟ ಮುದುಕರ ಮೇಲೆ ಒಂದು ಹಾಡಿದೆ. ಅದರಲ್ಲಿ ಗೋಳಾಟವಿಲ್ಲ, ಹೋಗಿ ನೋಡಿಕೊಂಡು ಬನ್ನಿರಯ್ಯಾ ಎಂದು ಗದರುವ ಧಾಟಿಯಿದೆ. ವಾದ್ಯಗಳ ಮಸಾಲೆ ಅಲ್ಲಲ್ಲಿ ಹೆಚ್ಚಾಗಿದೆ ಎಂಬುದು ನನ್ನ ದೂರು. ಆದರೆ ಆ ಮಸಾಲೆಯವನೇ ಇಲ್ಲದಿದ್ದರೆ ಈ ದನಿ ಧಾರವಾಡದ ತನಕ ಬರುತ್ತಿತ್ತೇ?

ಇಲ್ಲಿ ನಮ್ಮ ಮಗ್ಗುಲ ಮನೆಯ ಮಾಸ್ತರರ ಮಾತು ಹೇಳಬೇಕು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಭಜನೆ, ವಚನ ಬಿಟ್ಟರೆ ಬೇರೆ ಸಂಗೀತದ ಗೊಡವೆ ಅವರಿಗಿಲ್ಲ. ಒಂದು ದಿನ ಕಟ್ಟೆಯ ಮೇಲೆ ಸಿಕ್ಕು, “ಆ ಕಾಲ ಬಡದು ಹಾಡತಾನಲ್ರಿ ಮುದಕ, ಅವನ್ನ ಹಚ್ಚರಿ, ಚಲೋ ಅದಾನ. ಆ ಇನ್ನೊಬ್ಬ ಹುಡುಗಂದು ಬರೇ ಗುಂಯ್ ಗುಂಯ್” ಎಂದರು. ನನಗೆ ಬಹಳ ಸಂತೋಷವಾಯಿತು. ಬ್ಲೂಸ್‌ನ ಗಂಧಗಾಳಿ ಇಲ್ಲದವರೊಬ್ಬರು, ಮಿಸಿಸಿಪ್ಪಿ ಎಲ್ಲಿದೆಯೆಂದು ಕೇಳದವರು, ನನ್ನ ತೀರ್ಪನ್ನೇ ಕೊಟ್ಟರಲ್ಲ! ಎರಡು ದಿನ ಈ ಖುಷಿಯಲ್ಲಿದ್ದೆ. ಮೂರನೆಯ ದಿನ ಕಾರ್ಖಾನೆಯ ಬುದ್ಧಿ ಜಾಗೃತವಾಯಿತು. ಇಟ್ಟಿಗೆಯ ಗೋಡೆ ಎಲ್ಲ ಸದ್ದನ್ನೂ ಸಮನಾಗಿ ತಡೆಯುವುದಿಲ್ಲ. ಮೇಲಿನ ಕಂಪನಗಳನ್ನು ಹೆಚ್ಚು ತಡೆಯುತ್ತದೆ, ಕೆಳಗಿನವನ್ನು ಅಷ್ಟಿಷ್ಟು ಬಿಡುತ್ತದೆ. ನನ್ನ ಕಿವಿಯಲ್ಲಿ ಮೂವತ್ತಮೂರು ವರ್ಷ ಕಟ್ಟಿದ್ದೂ ಅಂಥದೇ ಗೋಡೆ. ಮಾಸ್ತರರೂ ನಾನೂ ಒಮ್ಮತಕ್ಕೆ ಬಂದದ್ದು 'ರಸಿಕತೆ'ಯಿಂದ ಎಷ್ಟು, ಗೋಡೆಯಿಂದ ಎಷ್ಟು?

ಇದರಿಂದ ನನ್ನ ತೀರ್ಪು ಸುಳ್ಳಾಗುತ್ತದೆ ಎಂದು ನಾನು ತಿಳಿಯುವುದಿಲ್ಲ. ಗೋಡೆ ದಾಟಿಯೂ ಉಳಿಯುವುದು ಏನೋ ಇದ್ದೇ ಇದೆ, ಅದನ್ನು ಗುರುತಿಸುವುದೂ ಒಂದು ಪರೀಕ್ಷೆಯೇ. ಬ್ಲೂಸ್ ಎಂಥೆಂಥ ಕೆಟ್ಟ ಪ್ಲೇಟುಗಳ ಕರಕರ ಸದ್ದಿನೊಳಗಿಂದ ನುಸುಳಿ ನಮ್ಮ ತನಕ ಬಂದ ಸಂಗೀತ! ಆದರೆ ಗೋಡೆಯಾಚೆ ಉಳಿದದ್ದರ ಲೆಕ್ಕವನ್ನೂ ಹಿಡಿಯಬೇಕು. ಆ ಲೆಕ್ಕ ಕಲಿಸಿದವಳು ಶೆಮೀಕಿಯಾ ಕೋಪ್‌ಲ್ಯಾಂಡ್.

ಅವಳು ಟೆಕ್ಸಾಸಿನ ಗಿಟಾರುಗಾರ ಜಾನಿ ಕೋಪ್‌ಲ್ಯಾಂಡನ ಮಗಳು. ಹುಟ್ಟಿದ್ದು ೧೯೭೯ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ. ಹತ್ತಿಯ ಹೊಲವಿಲ್ಲ, ಗುಡಿಸಲಿಲ್ಲ. ವಿಳಾಸವೆಂದರೆ ಹಳ್ಳಿಯೇ ಆಗಬೇಕೆಂದು ಹಟ ಹಿಡಿಯುವವರಿಗೆ ಇವಳು ಉತ್ತರ. ೨೦೨೦ರ ‘ಅನ್‌ಸಿವಿಲ್ ವಾರ್’ ಆಲ್ಬಮ್ಮಿನಲ್ಲಿ ‘ಕ್ಲೊಟಿಲ್ಡಾ’ ಎಂಬ ಹಡಗಿನ ಹಾಡಿದೆ. ಗುಲಾಮರ ಆಮದು ಕಾನೂನುಬಾಹಿರವಾಗಿ ಐವತ್ತು ವರ್ಷ ಕಳೆದ ಮೇಲೂ, ೧೮೬೦ರಲ್ಲಿ, ಆಫ್ರಿಕದಿಂದ ನೂರಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು ಅಲಬಾಮಾದ ಮೊಬೀಲ್‌ಗೆ ಬಂದ ಹಡಗು ಅದು. ಸಾಕ್ಷ್ಯ ಉಳಿಯಬಾರದೆಂದು ಅದನ್ನು ಸುಟ್ಟು ಮುಳುಗಿಸಿದರು. ಅದರ ಅವಶೇಷ ನದಿಯ ಕೆಸರಿನಲ್ಲಿ ಸಿಕ್ಕಿದೆಯೆಂದು ಖಚಿತವಾದದ್ದು ೨೦೧೯ರಲ್ಲಿ. ಮರುವರ್ಷ ಅದು ಹಾಡಾಯಿತು. ಬ್ಲೂಸ್‌ನಲ್ಲಿ ಹೊಸದೇನಿದೆ ಎನ್ನುವವರು ಇದನ್ನು ಕೇಳಬೇಕು. ೨೦೨೨ರ ‘ಡನ್ ಕಮ್ ಟೂ ಫಾರ್’ ಆಲ್ಬಮ್ಮಿನಲ್ಲಿ ‘ದಿ ಟಾಕ್’ ಎಂಬುದಿದೆ. ಕಪ್ಪು ತಾಯಿಯೊಬ್ಬಳು ಬೆಳೆದ ಮಗನನ್ನು ಕೂಡಿಸಿಕೊಂಡು, ಪೊಲೀಸರು ತಡೆದು ನಿಲ್ಲಿಸಿದರೆ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಿಕೊಡುವುದು. ಅಲ್ಲಿಯ ಮನೆಮನೆಯಲ್ಲಿ ನಡೆಯುವ ಮಾತು ಅದು. ಮಗ ಜೀವಂತ ಮನೆಗೆ ಬರಲಿ ಎಂಬುದಕ್ಕಾಗಿ.

ಅವಳ ದನಿ ದೊಡ್ಡದು, ತುಂಬಿದ್ದು. ಯಾವ ಗೋಡೆಯನ್ನಾದರೂ ದಾಟೀತು. ಆದರೆ ಈ ಹಾಡುಗಳ ಜೀವ ಮಾತಿನಲ್ಲಿದೆ, ಮಾತಿನ ಜೀವ ವ್ಯಂಜನಗಳಲ್ಲಿ. ನನ್ನನ್ನು ಬಿಟ್ಟುಹೋದವು ಅವೇ. ಮೊದಲ ಸಲ ಕೇಳಿದಾಗ ಗಟ್ಟಿ ದನಿಯ ಒಬ್ಬಳು ಏನೋ ಮುಖ್ಯವಾದದ್ದನ್ನು ಹೇಳುತ್ತಿದ್ದಾಳೆ ಎಂಬಷ್ಟೇ ತಿಳಿಯಿತು. ತಮ್ಮನ ಮಗ ಹಾಡಿನ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಂದುಕೊಟ್ಟ. ಕೈಯಲ್ಲಿ ಹಿಡಿದು, ಬೆರಳಿಟ್ಟು ಓದುತ್ತ ಕೇಳಿದೆ. ಈಗ ನನ್ನ ಪಟ್ಟಿಯಲ್ಲಿ ಇವಳ ಎರಡು ಆಲ್ಬಮ್‌ಗಳು ಮುದುಕರವಕ್ಕೆ ಸಮನಾಗಿ ಕುಳಿತಿವೆ. ಕಾಲು ಬಡಿತ ಕೇಳಿದರೆ ಸಾಕು ಎಂದು ನನ್ನ ಕಿವಿ ಹೇಳುತ್ತದೆ. ತಾಯಿ ಮಗನಿಗೆ ಹೇಳುವ ಮಾತು ಕೇಳದಿದ್ದರೆ ಸಾಲದು ಎಂದು ನಾನು ಅದಕ್ಕೆ ಹೇಳಬೇಕಾಗಿದೆ.

ಶ್ರವಣಯಂತ್ರ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಅದು ಮುಖ್ಯವಾಗಿ ಮಾತಿಗಾಗಿ ಮಾಡಿದ್ದು, ಸಂಗೀತಕ್ಕೆ ಬೇರೆ ಹೊಂದಿಕೆ ಮಾಡಿಸಬೇಕಾಗುತ್ತದೆ, ರೂಢಿಗೆ ಕೆಲವು ವಾರ ಬೇಕು ಎಂದೂ ಹೇಳಿದರು. ಬೆಲೆಯನ್ನೂ ಹೇಳಿದರು. ಬರುವ ತಿಂಗಳು ಎಂದು ನಿಶ್ಚಯಿಸಿದ್ದೇನೆ. ಅಷ್ಟರವರೆಗೆ ಮನೆಯಲ್ಲಿ ಇನ್ನೊಂದು ಏರ್ಪಾಡಿದೆ.

ನನ್ನ ಹೆಂಡತಿಗೆ ಈ ಸಂಗೀತದ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ಆದರೆ ಸಂಜೆ ಕಾಯಿಪಲ್ಲೆ ಸೋಸುತ್ತ ಒಳಗೇ ಕುಳಿತಿರುತ್ತಾಳೆ. ಅವಳ ಕಿವಿ ನೆಟ್ಟಗಿವೆ. “ಈಗ ಝಲ್ ಅಂತು, ಕೇಳಸ್ತೇನ್ರಿ?” ಎನ್ನುತ್ತಾಳೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. “ಈಗ ಮತ್ತ. ಸಣ್ಣಾಗಿ, ಗೆಜ್ಜಿ ಅಂದಾಂಗ” ಎನ್ನುತ್ತಾಳೆ. ನನಗೆ ಗೊತ್ತಿಲ್ಲದೆ ಎಷ್ಟೊಂದು ನಡೆಯುತ್ತಿದೆ ಎಂದು ಆಶ್ಚರ್ಯವಾಗುತ್ತದೆ. ಕಿಂಗ್‌ಫಿಶ್‌ನ ಗಿಟಾರು ಅವಳಿಗೆ ಚಲೋ ಅನಿಸಿದೆ. ಮಾಸ್ತರರಿಗೂ ನನಗೂ ಗುಂಯ್ ಎಂದದ್ದರಲ್ಲಿ ಅವಳಿಗೆ ಬಿಡಿಬಿಡಿಯಾಗಿ ಒಂದೊಂದು ಸ್ವರವೂ ಸಿಗುತ್ತದಂತೆ. ಹಾಗಿದ್ದರೆ ಆ ಹುಡುಗನನ್ನು ನಾನು ಯಂತ್ರ ಬಂದ ಮೇಲೆ ಇನ್ನೊಮ್ಮೆ ಕೂಡಿಸಿ ಕೇಳಬೇಕು. ಬಡ್ಡಿ ಗೈಯ ಅತಿಥಿಗಳ ನಡುವೆ ಅವಳಿಗೆ ಹೇಳುವ ಕೆಲಸ ಬಹಳ, ಸೊಪ್ಪು ಸೋಸುವುದು ನಿಂತೇಹೋಗುತ್ತದೆ. ಬಾಬಿ ರಶ್ ಹಚ್ಚಿದಾಗ ಮಾತ್ರ ಅವಳು ನನಗೆ ಹೆಚ್ಚೇನೂ ಹೇಳುವುದಿಲ್ಲ. ಆ ಹೊತ್ತಿನಲ್ಲಿ ನಾವಿಬ್ಬರೂ ಬಹುಮಟ್ಟಿಗೆ ಒಂದನ್ನೇ ಕೇಳುತ್ತಿರುತ್ತೇವೆ, ಗೋಡೆಯಾಚೆ ಮಾಸ್ತರರೂ.